ಎರಡು ಬೀಗದಕೈ

ಮಿದೆಲ್ತ್ ಊರಿನ ಬಸ್‌ನಿಲ್ದಾಣದ ಎದುರಿಗೆ
ಮೂರಂತಸ್ತಿನ ಹೋಟೆಲು. ರಾತ್ರಿಪಾಳಿ ನನ್ನದು.
ಹೊರಗೆ ಅಟ್ಲಾಸ್ ಬೆಟ್ಟದ ಚಳಿ,
ಒಳಗೆ ಕಾಲಬಳಿ ಒಂದು ಗ್ಯಾಸಿನ ಒಲೆ,
ಮೇಜಿನ ಮೇಲೆ ಫಾರಮ್ಮುಗಳ ಕಟ್ಟು:
ಹೆಸರು, ತಂದೆಯ ಹೆಸರು, ಹುಟ್ಟಿದ ದಿನ,
ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ.
ಹನ್ನೊಂದಕ್ಕೆ ಪೊಲೀಸಿನವ ಬಂದು ಒಯ್ಯುತ್ತಾನೆ.
ಓದುತ್ತಾನೋ ಇಲ್ಲವೋ ದೇವರೇ ಬಲ್ಲ.

ಒಂಬತ್ತೂವರೆಗೆ ಬಂದರು ಅವರು.
ಲಹ್ಸೆನ್, ತಲೆಗೆ ಉಣ್ಣೆಯ ರುಮಾಲು. ತೂದಾ,
ಬಲಗಣ್ಣಿನ ಮೇಲೆ ಬಿಳಿ ಹತ್ತಿಯ ಪಟ್ಟಿ.
'ಆಪರೇಷನ್ನು ಆಯಿತು, ನಾಳೆ ಮತ್ತೆ ತೋರಿಸಬೇಕು.
ಒಂದು ಕೋಣೆ ಸಾಕು' ಎಂದ ಮುದುಕ.

ಗುರುತಿನ ಚೀಟಿ ಎರಡೂ ಸರಿಯಿದ್ದವು.
ಇಬ್ಬರೂ ಜನವರಿ ಒಂದನೇ ತಾರೀಖು ಹುಟ್ಟಿದವರು.
ಬೆಟ್ಟದ ಮೇಲಿನ ಮುದುಕರೆಲ್ಲ ಹುಟ್ಟುವುದು ಅಂದೇ,
ಕಚೇರಿಯ ಲೆಕ್ಕದಲ್ಲಿ.
ಆದರೆ ಅವನ ಚೀಟಿಯಲ್ಲಿ ಅವನಪ್ಪನ ಮನೆತನ,
ಅವಳದರಲ್ಲಿ ಅವಳಪ್ಪನದು.
'ಮದುವೆಯ ಪತ್ರ?' ಕೇಳಿದೆ.
ಕೇಳಿದ್ದು ನಾನಲ್ಲ, ಬೆನ್ನ ಹಿಂದೆ ಗೋಡೆಗೆ
ಅಂಟಿಸಿದ ಸುತ್ತೋಲೆ. ನಾಲಿಗೆ ಮಾತ್ರ ನನ್ನದು.

ಮುದುಕ ಚೀಲ ತಡಕಿದ. ಒಂದೊಂದೇ ತೆಗೆದಿಟ್ಟ:
ಔಷಧದ ಚೀಟಿ, ಕರೆಂಟಿನ ಬಿಲ್ಲು,
ಹೇಸರಗತ್ತೆ ಕೊಂಡ ರಸೀದಿ,
ಏಳನೇ ಮಗುವಿನ ಅಂಚು ಹರಿದ ಲಸಿಕೆ ಪುಸ್ತಕ.
'ಕತ್ತೆಗೂ ಕಾಗದ ಉಂಟು' ಅಂದಳು ತೂದಾ,
'ನನಗೇ ಇಲ್ಲ.'
ಹನ್ನೆರಡು ಜನ ಕೂತು ಪ್ರಾರ್ಥನೆ ಓದಿದ್ದರಂತೆ,
ಎರಡು ಟಗರು ಕಡಿದಿದ್ದರಂತೆ, ಹಿಮ ಬಿದ್ದು
ದಿಬ್ಬಣ ಮೂರು ದಿನ ಕಣಿವೆಯಲ್ಲೇ ಉಳಿದಿತ್ತಂತೆ.
ಆ ಹನ್ನೆರಡರಲ್ಲಿ ಬದುಕಿರುವವನು ಒಬ್ಬ,
ಅವನಿಗೂ ಈಗ ಕಿವಿ ಕೇಳಿಸದು.
'ಅವನನ್ನು ಕರೆಸಲೇ?'
ಮುದುಕ ನಿಜವಾಗಿಯೇ ಕೇಳುತ್ತಿದ್ದ, ಕೊಂಕಿರಲಿಲ್ಲ.

ಹದಿನಾಲ್ಕನೇ ಕೋಣೆ ಅವನಿಗೆ, ಇಪ್ಪತ್ತೆರಡು ಅವಳಿಗೆ.
ದುಡ್ಡೂ ಎರಡರಷ್ಟು. ಎಣಿಸಿಕೊಂಡೆ.
ಹೋದ ವರ್ಷ ಹೀಗೇ ಕನಿಕರಪಟ್ಟ ಇದ್ರೀಸನಿಗೆ
ಇವತ್ತಿಗೂ ಕೆಲಸವಿಲ್ಲ;
ನನಗೋ ಮೂರು ತಿಂಗಳ ಬಾಡಿಗೆ ಬಾಕಿ.

ಪೊಲೀಸಿನವ ಬಂದ, ಒಯ್ದ.

ಹನ್ನೆರಡಕ್ಕೆ ಮೆಟ್ಟಿಲ ಮೇಲೆ ಕೆಮ್ಮು.
ಮುದುಕ ಇಳಿದು ಬಂದ, ಕೈಯಲ್ಲಿ ಬೆರಳುದ್ದದ ಸೀಸೆ.
'ಎರಡು ತಾಸಿಗೊಮ್ಮೆ ಹನಿ ಹಾಕಬೇಕು.
ಅವಳ ಕೋಣೆಗೆ ನಾನು ಹೋಗುವ ಹಾಗಿಲ್ಲ ಅಂದೆಯಲ್ಲ,
ಅವಳೇ ಇಲ್ಲಿಗೆ ಬಂದರೆ?'
ತಿರುಗಿ ಸುತ್ತೋಲೆ ನೋಡಿದೆ. ಕೋಣೆಯ ಮಾತಿತ್ತು,
ಪಡಸಾಲೆಯ ಮಾತಿರಲಿಲ್ಲ.

ನಾನೇ ಹೋಗಿ ಇಪ್ಪತ್ತೆರಡರ ಕದ ತಟ್ಟಿದೆ.
ಗೋಡೆ ಹಿಡಿದು ಬಂದಳು. ಫಾರಮ್ಮು ತುಂಬುವ ದೀಪದ ಕೆಳಗೆ
ಕುರ್ಚಿಯಲ್ಲಿ ಕೂತು ಮುಖ ಮೇಲೆತ್ತಿದಳು.
ಅವನು ಪಟ್ಟಿ ಸರಿಸಿ, ಹೆಬ್ಬೆರಳಲ್ಲಿ ರೆಪ್ಪೆ ಬಿಡಿಸಿ,
ಉಸಿರು ಬಿಗಿಹಿಡಿದು
ಒಂದು ಹನಿ.
'ಕೆನ್ನೆಗೆ ಬಿತ್ತು, ಕುರುಡಾ' ಅಂದಳು.
ಇನ್ನೊಂದು ಹನಿ.
'ಅಲುಗಬೇಡ ಅಂದರೆ ಕೇಳಿದ್ದುಂಟೇ ನೀನು,
ಎಂದಾದರೂ?' ಅಂದ.

ಎರಡಕ್ಕೆ ಮತ್ತೆ. ಪುದೀನಾ ಚಹಾ ಮಾಡಿಟ್ಟಿದ್ದೆ.
ಸಕ್ಕರೆ ಸಾಲದೆಂದು ಇಬ್ಬರೂ ಒಂದೇ ದನಿಯಲ್ಲಿ ದೂರಿದರು.
ಬೆಚ್ಚಗಿದೆಯೆಂದು ಒಲೆಯ ಬಳಿ ಇನ್ನಷ್ಟು ಹೊತ್ತು ಕೂತರು,
ಆಲೂಗಡ್ಡೆಯ ರೇಟಿನ ವಿಷಯ ಮಾತಾಡಿಕೊಂಡು.

ನಾಲ್ಕಕ್ಕೆ ಅವಳೊಬ್ಬಳೇ ಬಂದಳು.
ಹದಿನಾಲ್ಕರ ಕದದಾಚೆ ಗೊರಕೆ.
'ಮಲಗಲಿ ಬಿಡು, ಎರಡು ದಿನದಿಂದ ನಿದ್ದೆಗೆಟ್ಟಿದ್ದಾನೆ.
ನೀನೇ ಹಾಕು.'
ಶಾಲಿನ ಗಂಟಿನಿಂದ ಸೀಸೆ ತೆಗೆದು ಚಾಚಿದಳು.
ನನ್ನ ಕೈ ಹಿಂಜರಿಯಿತು.
'ಯಾಕೆ, ಇದಕ್ಕೂ ಕಾಗದ ಬೇಕೇನು?'

ಹಾಕಿದೆ. ಕೈ ನಡುಗಿ ಅದೂ ಕೆನ್ನೆಗೇ ಬಿತ್ತು.
ಕುರುಡಾ ಎನ್ನಲಿಲ್ಲ ನನ್ನನ್ನು.
'ಪರವಾಗಿಲ್ಲಪ್ಪ' ಎಂದಳು,
ಹೊರಗಿನವರಿಗೆ ಅನ್ನುವ ಹಾಗೆ.