ಎಲ್ಲಿ ಹತ್ತಿದಿರಿ?

ಹಾಸನದಿಂದ ಅರಸೀಕೆರೆಗೆ, ಮತ್ತೆ ವಾಪಸ್ಸು,
ದಿನವೆಲ್ಲ ಇದೊಂದೇ ಪ್ರಶ್ನೆ ನನ್ನದು:
ಎಲ್ಲಿ ಹತ್ತಿದಿರಿ, ಎಲ್ಲಿಗೆ?
ಹೆಂಗಸರ ಆಧಾರ್ ಕಾರ್ಡು ಬೆಳಕಿಗೆ ಹಿಡಿದು
ಹತ್ತು ವರ್ಷದ ಹಿಂದಿನ ಫೋಟೋಗೂ
ಈಗಿನ ಮುಖಕ್ಕೂ ನೆಂಟಸ್ತಿಕೆ ಹುಡುಕಿ
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಡುತ್ತೇನೆ.
ದುದ್ದದಲ್ಲಿ ಹತ್ತಿದವರೊಬ್ಬರು ಬೈದರು:
ಇವಳೇನು ಪೊಲೀಸಾ?

ನಿಂತವರ ನಡುವೆ ಯಾವ ಕೈ ಕಂಬಿ ಹಿಡಿದಿದೆ,
ಯಾವ ಕೈ ಬಿಟ್ಟಿದೆ,
ನನ್ನ ಬೆನ್ನಿಗೂ ಗೊತ್ತಾಗುತ್ತದೆ.
ಖಾಕಿ ಕಾಲರಿನ ಒಳಗೆ ಈಗಲೂ ಒಂದು ಪಿನ್ನು.
ಪಿಯುಸಿ ಹುಡುಗಿಯರಿಗೂ ಕೊಟ್ಟಿದ್ದೇನೆ,
ಚಿಲ್ಲರೆಯ ಜೊತೆ, ಏನೂ ಹೇಳದೆ.

ಮನೆಯಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ.

ಮೋಕ್ಷಿತನಿಗೆ ಹನ್ನೊಂದು.
ಅರಸೀಕೆರೆಯ ರೈಲ್ವೆ ಗೇಟಿನ ಹಿಂದೆ ನಮ್ಮ ಎರಡು ಕೋಣೆ.
ಅವನಪ್ಪ ಕೊಬ್ಬರಿ ಲಾರಿಯ ಜೊತೆ ವಾರಕ್ಕೆ ಐದು ದಿನ,
ಅತ್ತೆಗೆ ಧಾರಾವಾಹಿಯ ಎದುರು ಕೂತಲ್ಲೇ ನಿದ್ದೆ.
ಮೂಲೆ ಒಡೆದ ನನ್ನ ಹಳೇ ಫೋನು ಅವನ ಕೈಯಲ್ಲಿ.
ಮನೆಯೊಳಗೇ ಇದ್ದಾನಲ್ಲ, ಅಂದುಕೊಂಡಿದ್ದೆ.
ಬಾಗಿಲಿಗೆ ಚಿಲಕ, ಕಿಟಕಿಗೆ ಸೊಳ್ಳೆ ಪರದೆ.

ಗಂಡುಮಗುವಿಗೂ ಪಿನ್ನು ಬೇಕಾದೀತೆಂದು
ನನಗೆ ಯಾರೂ ಹೇಳಿರಲಿಲ್ಲ.

ಮಂಗಳವಾರ ರಾತ್ರಿ, ಅನ್ನ ಕಲಸುತ್ತಾ ಕೇಳಿದ:
"ಅಮ್ಮಾ, ನಾಳೆ ನಿನ್ ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತೆ?"
ಯಾಕೋ?
"ಹುಲಿಯಣ್ಣ ಕೇಳ್ತಿದ್ದ."

ಆಟದಲ್ಲಿ ಜೊತೆಗಾರನಂತೆ.
ಬಂಗಾರದ ಬಣ್ಣದ ಬಂದೂಕು ಕೊಡಿಸಿದನಂತೆ.
ಎಂಟನೇ ಕ್ಲಾಸಂತೆ. ಊರು ಹೇಳಲ್ವಂತೆ.
ಮುಖದ ಜಾಗದಲ್ಲಿ ಕಪ್ಪು ಕನ್ನಡಕದ ಹುಲಿ.
ಶರ್ಟು ಬಿಚ್ಚಿ ಒಂದು ಫೋಟೋ ಕಳಿಸು,
ತೋಳು ಎಷ್ಟು ಗಟ್ಟಿ ನೋಡೋಣ, ಅಂದನಂತೆ.
ಮನೇಲಿ ಹೇಳಬೇಡ, ಅಂತಲೂ.

ಸಾರಿನ ಸೌಟು ಕೈಯಲ್ಲೇ ಉಳಿಯಿತು.
ಕಸಿದು, ಆ ಫೋನನ್ನು ನಾಳೆ ಬೆಳಗಿನ
ಮೊದಲ ಬಸ್ಸಿನ ಚಕ್ರಕ್ಕೆ ಕೊಡೋಣ ಅನ್ನಿಸಿತು.
ನಾಲಿಗೆಯ ತುದಿಗೇ ಬಂದಿತ್ತು:
ಇವತ್ತಿಗೆ ಮುಗೀತು ನಿನ್ನ ಆಟ.

ಆಗ ನೆನಪಾಯಿತು ಬಾಣಾವರದ ಬಸ್ಸು.
ನನಗೂ ಆಗ ಹನ್ನೊಂದೇ. ಎಂಟೂಕಾಲರ ಗಾಡಿ,
ಪಕ್ಕದಲ್ಲಿ ನಶ್ಯದ ವಾಸನೆಯ ಒಬ್ಬ ಮುದುಕ.
ಅವ್ವನಿಗೆ ಹೇಳಲಿಲ್ಲ, ಇವತ್ತಿಗೂ.
ಹೇಳಿದ್ದರೆ ಮುದುಕನ ಓಡಾಟ ನಿಲ್ಲುತ್ತಿರಲಿಲ್ಲ,
ನನ್ನ ಶಾಲೆ ನಿಲ್ಲುತ್ತಿತ್ತು.
ಸೀಟು ಖಾಲಿ ಇದ್ದರೂ ಒಂದು ವರ್ಷ
ನಿಂತುಕೊಂಡೇ ಹೋದೆ.

ಸೌಟು ಕೆಳಗಿಟ್ಟೆ.
ಕಳಿಸಿದೆಯಾ, ಅಂದೆ,
ದನಿ ಟಿಕೆಟ್ಟು ಕೇಳುವ ದನಿಯೇ ಇರಲೆಂದು ಹೆಣಗುತ್ತಾ.
"ಇಲ್ಲ."
ಆಮೇಲೆ, ತಟ್ಟೆ ನೋಡುತ್ತಾ:
"ಒಂದು ಕಳಿಸ್ದೆ. ಬನಿಯನ್ ಇತ್ತು."
ಹೇಳಿದ್ದು ಒಳ್ಳೇದಾಯ್ತು ಕಣೋ.
"ಬೈಯಲ್ವಾ?"
ನಿನ್ನನ್ನಲ್ಲ.

ಒಂದೇ ಚಾಪೆಯ ಮೇಲೆ ಕೂತು
ಅವನು ತೋರಿಸಿದ, ನಾನು ಕಲಿತೆ:
ಆಡಿದ ಮಾತೆಲ್ಲ ಮೊದಲು ಫೋಟೋ ತೆಗೆದಿಡುವುದು,
ಆಮೇಲೆ ದೂರಿನ ಗುಂಡಿ,
ಕೊನೆಗೆ ಬಾಗಿಲು ಮುಚ್ಚುವ ಗುಂಡಿ.
ಅದನ್ನು ಒತ್ತುವ ಮುಂಚೆ ಮೋಕ್ಷಿತ್ ಅತ್ತ.
ಬಂದೂಕಿಗೋ, ಹುಲಿಗೋ, ಕೇಳಲಿಲ್ಲ.
"ನೀನು ಬರೋ ತನಕ ದಿನಾ ಮಾತಾಡ್ತಿದ್ದ ಅಮ್ಮ."
ಆ ಮಾತಿಗೆ ಕೊಡಲು
ನನ್ನ ಚೀಲದಲ್ಲಿ ಚಿಲ್ಲರೆ ಇರಲಿಲ್ಲ.

ಬುಧವಾರ ಠಾಣೆಗೆ ಹೋದೆವು.
ರಜೆ ಚೀಟಿಯಲ್ಲಿ 'ಮಗನಿಗೆ ಜ್ವರ' ಅಂತ ಬರೆದೆ.

ಈಗ ಒಂಬತ್ತೂವರೆಗೆ ಫೋನು
ರಾಗಿ ಡಬ್ಬದ ಮೇಲೆ ಮಲಗುತ್ತದೆ.
ಮೊದಲ ರಾತ್ರಿಯೇ ಅವನು ಕೈ ಚಾಚಿದ, ಥೇಟ್ ನನ್ನ ಹಾಗೆ:
"ನಿಂದೂ."
ಇಟ್ಟೆ. ಡಿಪೋದ ಗುಂಪಿನಲ್ಲಿ ಯಾರೋ ಏನೋ ಕಳಿಸುತ್ತಲೇ ಇದ್ದರು,
ಡಬ್ಬ ಗುಂಯ್ ಅನ್ನುತ್ತಲೇ ಇತ್ತು, ಇಬ್ಬರೂ ಏಳಲಿಲ್ಲ.

ಶಿವಮೊಗ್ಗದ ಕಡೆಯ ರೈಲು ಹೋದ ಮೇಲೆ ಕತ್ತಲಲ್ಲಿ ಕೇಳಿದ:
"ಅಮ್ಮಾ, ಅವನು ನಿಜಕ್ಕೂ ಎಂಟನೇ ಕ್ಲಾಸೇ ಆಗಿದ್ರೆ?"

ಗೊತ್ತಿಲ್ಲ ಕಣೋ.
ಅದಕ್ಕೇ ಅಲ್ವಾ
ಕೇಳೋದು.