ಲೇಬಲ್ಲು

ಓದು ಇನ್ನೊಮ್ಮೆ, ತುಳಜಾ, ಮೆಲ್ಲಗೆ.
ಪೆಡಲಿನ ಮೇಲಿಂದ ಕಾಲು ತೆಗೆದಿದ್ದೀನಿ.

ಹೆಲ್ಸಿಂಕಿ:
ಹಳೇ ಊರಿಗೆ ಬೆಂಕಿ ಬಿದ್ದ ಮೇಲೆ
ಗಂಟುಮೂಟೆ ಕಟ್ಟಿ ರಾಜಧಾನಿಗೆ ಬಂದ ಶಾಲೆ ಅಂತೀಯ.
ಇರಲಿ, ನಮ್ಮ ಮುತ್ತಜ್ಜನೂ ಹಾಗೇ
ಸೊಲ್ಲಾಪುರದ ಕಡೆಯಿಂದ ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು
ದಂಡಿನ ಸಿಪಾಯಿಗಳ ಚಡ್ಡಿ ಹೊಲಿಯೋಕೆ ಬಂದೋನು.
ಔಲು: ಉತ್ತರದ ತುದಿ, ಚಳಿಗಾಲದಲ್ಲಿ
ಸೂರ್ಯ ಊಟದ ಬಿಡುವಿನಷ್ಟು ಹೊತ್ತು ಬಂದು ಹೋಗ್ತಾನೆ.
ತಾಂಪೆರೆ: ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರು,
ಇದನ್ನ ಮೊದಲೇ ಹೇಳಬಾರದಿತ್ತಾ!
ಯುವಾಸ್ಕುಲ: ಅಕ್ಷರಗಳ ನೆತ್ತಿ ಮೇಲೆ ಜೋಡಿ ಚುಕ್ಕಿ,
ಜೇಬಿನ ಮೂಲೆಗೆ ನಾವು ಹೊಡೆಯೋ ರಿವೆಟ್ಟಿನ ಥರ,
ಎಳೆದರೂ ಕಿತ್ತು ಬರಬಾರದು ಅಂತ.

ಆಲ್ಟೊ.
ಅದು ಕಾರಲ್ವೇನೆ? ಪದ್ಮಾವತಿ ಟೀಚರ ಗಂಡನದು, ಬಿಳೀದು?
ನೀನು ನಕ್ಕೆ. ಅವರ ಮಾತಲ್ಲಿ ಆಲ್ಟೊ ಅಂದರೆ ಅಲೆ, ಅಂದೆ.
ಆಲ್ಟೊ, ಅಲೆ. ಅಲೆ, ಆಲ್ಟೊ.
ಬಾಯಲ್ಲಿ ಒಂದೇ ದಾರದ ಎರಡು ತುದಿ.
ಕೌಲ್ ಬಜಾರಿನಲ್ಲಿ ಹುಟ್ಟಿ ನಾನು ಕಂಡ ಅಲೆ
ವಾಷಿಂಗ್ ಯೂನಿಟ್ಟಿನ ಹಿಂದಿನ ಮೋರಿಯದು ಮಾತ್ರ,
ನೀಲಿ, ಉಗುರಿಗಂಟಿದರೆ ಹಬ್ಬಕ್ಕೂ ಬಿಡದ ನೀಲಿ.
ಅಲ್ಲಿ ಬರ್ಚ್ ಅನ್ನೋ ಬಿಳಿ ತೊಗಟೆಯ ಮರ ಅರೆದು
ನೂಲು ತೆಗೀತಾರಂತೆ, ಬಟ್ಟೆ ಆಗುತ್ತಂತೆ,
ನೀರು ಕೆಡೋದು ಕಮ್ಮಿಯಂತೆ.
ಅದಕ್ಕೇ ನಿನಗೆ ಅಲೆಯ ಶಾಲೆಯೇ ಬೇಕು.

ಯಾವುದು ಎಷ್ಟನೇ ನಂಬರು ಅಂತ
ಫೋನು ತಿರುಗಿಸಿ ತಿರುಗಿಸಿ ತೋರಿಸ್ತೀಯ.
ನಂಬರು ನನ್ನ ಮುಂದೆ ಹೇಳಬೇಡ.
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ಸೊಂಟದ ನಂಬರು ಕೂಗಿ ಕೂಗಿ ಗಂಟಲು ಒಣಗಿದೆ.
ಮೂವತ್ತು ಅಂತ ಬರೆದಿದ್ದು ಮೂವತ್ತೊಂದೂವರೆ ಇರುತ್ತೆ,
ಸೇಟಿಗೆ ಗೊತ್ತು, ನನಗೆ ಗೊತ್ತು,
ಕೊಳ್ಳೋನಿಗೆ ಮನೆಗೆ ಹೋದ ಮೇಲೆ ಗೊತ್ತು.

ಹತ್ತೊಂಬತ್ತು ವರ್ಷ ನಾನು ಹೊಲಿದಿದ್ದೇನು?
ಪ್ಯಾಂಟಲ್ಲ. ಲೇಬಲ್ಲು.
ಬ್ರೂಸ್‌ಪೇಟೆಯಲ್ಲಿ ಕತ್ತರಿಸಿ, ಪಕ್ಕದ ಓಣಿಯಲ್ಲಿ ಕಾಜಾ ಹಾಕಿ,
ಕೊನೆಗೆ ನನ್ನ ಮುಂದೆ ಗುಡ್ಡೆ ಬೀಳುತ್ತೆ.
ಸೊಂಟಪಟ್ಟಿಗೆ ಇಟಲಿ ಅಂತ ಹೊಲೀತೀನಿ,
ಮಧ್ಯಾಹ್ನದ ಮೇಲೆ ಅಮೆರಿಕಾ.
ಓದೋಕೆ ಬರದೆ ಒಂದು ಸಲ ಇಟಲಿಯನ್ನ ತಲೆಕೆಳಗೆ ಹೊಲಿದು
ಮುನ್ನೂರು ಪೀಸು ಬಿಚ್ಚಿದೆ.
ಅದಕ್ಕೇ ಹೇಳ್ತೀನಿ, ಹೆಸರಿಗೆ ಸೋಲಬೇಡ,
ಒಳಮೈ ತಿರುಗಿಸಿ ಹೊಲಿಗೆ ನೋಡು.
ಮೇಷ್ಟ್ರು ಪತ್ರಕ್ಕೆ ಉತ್ತರ ಬರೀತಾರಾ?
ಪ್ರಯೋಗಶಾಲೆಯ ಬೀಗದ ಕೈ ಓದೋ ಹುಡುಗರಿಗೂ ಕೊಡ್ತಾರಾ?
ಬಾಡಿಗೆ ಎಷ್ಟು? ಅಲ್ಲಿ ಓದಿದ ಹುಡುಗೀರು ಯಾರಾದರೂ
ಮೊದಲ ಚಳಿಗಾಲ ಎಷ್ಟು ಅತ್ತೆವು ಅಂತ
ನಿಜ ಹೇಳ್ತಾರಾ?

ಫೀಸು ಕೇಳಿ ಲೆಕ್ಕ ಹಾಕಿದೆ ಸುಮ್ಮನೆ, ಲೇಬಲ್ಲಿನಲ್ಲಿ.
ಹತ್ತು ಲಕ್ಷ ಸೊಂಟಗಳು ಬೇಕು.
ಬಳ್ಳಾರಿಯಲ್ಲಿ ಅಷ್ಟು ಸೊಂಟಗಳಿಲ್ಲ.
ಪೂರ್ತಿ ಮಾಫಿ ಸಿಗಬಹುದು ಅಂತೀಯ.
ಆ 'ಬಹುದು'ಗೆ ಒಂದು ಜೇಬು ಬಿಟ್ಟಿಡೋಣ.

ಈಗ ಅರ್ಜಿ ತುಂಬು, ಗಡುವಿಗೆ ಎರಡೇ ದಿನ.
ಹೆಸರು. ತಂದೆ ಹೆಸರು. ಹುಟ್ಟಿದ ಊರು.
ನಿನ್ನ ಬೆರಳು ಒಂದೊಂದೇ ಅಕ್ಷರ ಒತ್ತಿತು,
ಬಳ್ಳಾರಿ ಅಂತ ಬಾಯಲ್ಲೂ ಅಂದೆ.

ತಡಿ.
ಮುಂದಕ್ಕೆ ಹೋಗಬೇಡ ಒಂದು ಗಳಿಗೆ.
ನನ್ನ ಡಬ್ಬಿಯಲ್ಲಿ ಎಷ್ಟೊಂದು ದೇಶ ಇದಾವೆ,
ಈ ಹೆಸರಿನದು ಒಂದೂ ಇಲ್ಲ.
ಫೋನು ಇತ್ತ ಹಿಡಿ, ನೋಡ್ತೀನಿ.
ತಲೆಕೆಳಗೆ ಆಗಿಲ್ಲ ತಾನೇ?