ಮುರಿದ ರಾಡುಗಳ ವಹಿ

ಹಟ್ಟಿ ಗಣಿಯ ಸ್ಟೋರಿನಲ್ಲಿ ನನ್ನ ಕೆಲಸ ಇಷ್ಟೇ:
ಆಳದಿಂದ ಮೇಲೆ ಬಂದ ಮುರುಕು ಡ್ರಿಲ್ ರಾಡುಗಳಿಗೆ
ತಾರೀಕು, ಪಾಳಿ, ಎಷ್ಟನೇ ಲೆವೆಲ್ಲು,
ಕೊನೆಗೊಂದು ಇಕ್ಕಟ್ಟಿನ ಕಾಲಂ: ಕಾರಣ.
ಅಲ್ಲಿ ಎಲ್ಲರೂ ಬರೆಸುವುದು ಒಂದೇ ಮಾತು,
ಬಂಡೆ ಗಟ್ಟಿ.

ಹುಸೇನಪ್ಪ ಒಪ್ಪಲಿಲ್ಲ.
ಮೂವತ್ತೊಂದು ವರ್ಷ ಡ್ರಿಲ್ಲು ಹಿಡಿದ ಕೈ,
ಥಂಡಿ ತಾಗಿದರೆ ಬೆರಳ ತುದಿ ಸುಣ್ಣವಾಗುವ ಕೈ.
ಮುರುಕನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಅಂದ:
“ಕಲ್ಲಿನ ಮ್ಯಾಲ ಯಾಕ ಹಾಕತೀ ಅವ್ವಿ?
ಕಲ್ಲು ಇದ್ದಾಗ ರಾಡು ಮುರಿಯಂಗಿಲ್ಲ.
ಕಲ್ಲು ತಪ್ಪಿದಾಗ ಮುರಿತೈತಿ.”

ಚಹಾ ಆರುವ ತನಕ ಬಿಡಿಸಿ ಹೇಳಿದ.
ಹಿಂದಿನಿಂದ ಸುತ್ತಿಗೆ ಬಿದ್ದರೆ
ಏಟು ಉಕ್ಕಿನೊಳಗೇ ಓಡುತ್ತದೆ,
ಹಟ್ಟಿಯಲ್ಲಿ ಹೊಡೆದದ್ದು ಲಿಂಗಸುಗೂರಿಗೆ
ನಾಲ್ಕು ಎಣಿಸುವುದರೊಳಗೆ ಮುಟ್ಟುವ ಓಟ.
ತುದಿಗೆ ಬಂಡೆ ಇದ್ದರೆ ಇಸಕೊಳ್ಳುತ್ತದೆ,
ತಾನು ಪುಡಿಯಾಗಿ ಲೆಕ್ಕ ಚುಕ್ತಾ ಮಾಡುತ್ತದೆ.
ನಡುವೆ ಪೊಳ್ಳು ಸಿಕ್ಕಿ ತುದಿ ಗಾಳಿಗೆ ಬಿತ್ತೋ,
ಏಟಿಗೆ ಹೋಗಲು ಮನೆಯಿಲ್ಲ.
ಹೊರಳುತ್ತದೆ.
ಒತ್ತುತ್ತಾ ಹೋದದ್ದು ಜಗ್ಗುತ್ತಾ ಬರುತ್ತದೆ.

ನಿಕ್ಕಲ್ ಇಷ್ಟು, ಕ್ರೋಮಿಯಂ ಇಷ್ಟು,
ಮಾಲಿಬ್ಡಿನಂ ಒಂದು ಚಿಟಿಕೆ,
ಎಷ್ಟು ಹದವಾಗಿ ಬೆರೆಸಿದರೂ ಉಕ್ಕಿನ ಜೀವ ಅಷ್ಟೇ:
ಮೆಲ್ಲಗೆ ಕೇಳಿದರೆ ಬಾಗುತ್ತದೆ,
ಸೆಕೆಂಡಿನ ಚೂರಿನಲ್ಲಿ ಕೇಳಿದರೆ
ಬಾಗುವುದನ್ನೇ ಮರೆತು ಗಾಜಾಗುತ್ತದೆ.
ಮುರಿದ ಮುಖವನ್ನು ನಾನೂ ನೋಡಿದೆ.
ಒಂದು ಅಂಚಿನಿಂದ ಕಪ್ಪೆಚಿಪ್ಪಿನಂಥ ಗೆರೆಗಳು,
ಪಾಳಿಗೊಂದರಂತೆ, ಯಾರಿಗೂ ಹೇಳದೆ ನಡೆದ ಬಿರುಕು.
ಉಳಿದದ್ದೆಲ್ಲ ಸಕ್ಕರೆ ಹರಳು,
ಒಂದೇ ಕ್ಷಣದ್ದು.

ಸೆಪ್ಟೆಂಬರಿಗೆ ಅವನು ರಿಟೈರಾದ.
ಶಾಲು, ಪೇಡೆ, ಗೋಡೆ ಗಡಿಯಾರ.
ಎರಡು ತಿಂಗಳ ಮೇಲೆ ಪಿಂಚಣಿ ಕಾಗದಕ್ಕೆ ಸಹಿ ಹಾಕಲು ಬಂದ.
ಪೆನ್ನು ನಿಲ್ಲಲಿಲ್ಲ. ಅಲುಗುತ್ತಲೇ ಇದ್ದ ಕೈ
ಮೇಜಿನ ಅಂಚನ್ನು ತಡಕಿ ಒತ್ತಿಕೊಂಡಿತು,
ಒತ್ತಿದ ಮೇಲೆ ಸುಮ್ಮನಾಯಿತು.
“ಡ್ಯೂಟಿ ಮ್ಯಾಲಿದ್ದಾಗ ಇದು ಇರಲಿಲ್ಲ ನೋಡು” ಎಂದು ನಕ್ಕ.
ನಾನು ಮೇಜನ್ನು ಅವನ ಕಡೆ
ಇನ್ನಷ್ಟು ದೂಡಿದೆ.

ಇವತ್ತು ಬೆಳಗಿನ ಪಾಳಿಯಿಂದ ಮೂರು ರಾಡು ಬಂದಿವೆ.
ಕಾರಣದ ಕಾಲಮ್ಮಿನಲ್ಲಿ ಬರೆದೆ:
ಎದುರಿಗೆ ಬಂಡೆ ಇರಲಿಲ್ಲ.
ಇಂಜಿನಿಯರ್ ಸಾಹೇಬರು ಕೆಂಪು ಶಾಯಿಯಲ್ಲಿ
ಒಂದು ಪ್ರಶ್ನೆಯ ಚಿಹ್ನೆ ಹಾಕಿ ಕಳಿಸಿದ್ದಾರೆ.
ಹೊಡೆದುಹಾಕಿಲ್ಲ.